ಕೋಣೆಗೆ ಕಿವಿಗೊಡುವ ಸ್ಪೀಕರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿಯ ಅರ್ಧ ಎತ್ತಿದ ಶಟರಿನೊಳಗೆ ಸ್ಪೀಕರಕ್ಕ ಕಣ್ಣು ಮುಚ್ಚಿ ಕೂತಿದ್ದಾರೆ. ಎದುರಿಗೆ ಜೋಡಿ ಸ್ಪೀಕರ್‌ಗಳು. ಒಂದು ಹೆಣ್ಣುದನಿ ಮೆಲ್ಲಗೆ ಹಾಡುತ್ತಿದೆ. ಎದ್ದು, ಎರಡನ್ನೂ ಗೋಡೆಯಿಂದ ಗೇಣುದ್ದ ಮುಂದಕ್ಕೆಳೆದು ಮತ್ತೆ ಕೂರುತ್ತಾರೆ. "ಈಗ ಗಂಟಲು ಬಿಡ್ತು ನೋಡಿ. ಗೋಡೆಗೆ ಒತ್ತಿ ಇಟ್ರೆ ನೆಗಡಿ ಆದವರ ಹಾಗೆ ಹಾಡುತ್ತೆ."

ಹಾಡಿಗೂ ಸಿನಿಮಾಕ್ಕೂ ಒಪ್ಪುವ ಆಂಪ್ಲಿಫೈಯರ್, ಸ್ಪೀಕರ್ ಆರಿಸಿ, ಮನೆಗೇ ಹೋಗಿ ಜೋಡಿಸಿಕೊಡುವುದು ಇವರ ಕಸುಬು; ಅದಕ್ಕೇ ಊರಿಗೆಲ್ಲ ಸ್ಪೀಕರಕ್ಕ. ಅಪ್ಪನದು ಇದೇ ಜಾಗದಲ್ಲಿ ರೇಡಿಯೊ ರಿಪೇರಿ. ಹಳೇ ರೇಡಿಯೊದೊಳಗಿನ ಕಾದ ವಾಲ್ವಿನ ವಾಸನೆ ನೆನೆದರೆ ಈಗಲೂ ಅವರ ಮುಖ ಅರಳುತ್ತದೆ. "ಸಂಜೆ ಅಪ್ಪ ರಿಪೇರಿ ಮುಗಿದ ರೇಡಿಯೊನ ಮೆಟ್ಟಿಲ ಮೇಲೆ ಇಡೋರು. ಬೀದಿಗೆ ಬೀದಿನೇ ಬಂದು ಕೂರ್ತಿತ್ತು. ಮಾತು ಬಿಟ್ಟವರೂ ಪಕ್ಕಪಕ್ಕ! ಈಗ ಕಿವಿಗೊಂದು ಗುಂಡಿ ಸಿಕ್ಕಿಸ್ಕೊಂಡು ಒಬ್ಬೊಬ್ಬರೇ ನಗ್ತಾರೆ."

ತಮ್ಮಂದಿರು ಮೂಸಿಯೂ ನೋಡದ ಅಂಗಡಿ ಇವರ ಪಾಲಿಗೆ ಬಂತು. "ಯಜಮಾನರಿಲ್ವಾ?" ಎಂದು ಗಿರಾಕಿಗಳು ಒಳಗೆ ಇಣುಕುತ್ತಿದ್ದ ಕಾಲವೂ ಇತ್ತು. "ನಾನೇ ಯಜಮಾನ, ಹೇಳಿ" ಎನ್ನುತ್ತಿದ್ದರಂತೆ. ಗಿರಾಕಿ ಕೊಳ್ಳುವ ಮುಂಚೆ ಇವರು ಕೋಣೆ ನೋಡಲೇಬೇಕು, ನಡುವೆ ನಿಂತು ಚಪ್ಪಾಳೆ ತಟ್ಟಲೇಬೇಕು. "ಕೋಣೆ ಆಗಲೇ ತನ್ನ ಜಾತಕ ಹೇಳ್ಬಿಡುತ್ತೆ. ಎದುರಿನ ಎರಡು ಸ್ಪೀಕರ್ ಗಟ್ಟಿ ಇರ್ಲಿ, ಏದುಸಿರು ಬಿಡದ ಆಂಪ್ಲಿಫೈಯರ್ ಇರ್ಲಿ. ಹಾಡಿಗೆ ಅಷ್ಟು ಸಾಕು. ಸಿನಿಮಾದ ಮಾತಿಗೆ ನಡುವೆ ಇನ್ನೊಂದು. ಗುಡುಗೋ ಡಬ್ಬ, ಅದೇ ಸಬ್‌ವೂಫರ್, ಆಮೇಲೆ ನೋಡೋಣ."

ಮೂರು ವರ್ಷದ ಹಿಂದೆ ಇಂಥವರ ಎಡಗಿವಿಯೇ ಕೈಕೊಟ್ಟಿತು. "ಅಡುಗೆ ಮಾಡೋವಳಿಗೆ ನಾಲಿಗೆ ಸತ್ತ ಹಾಗಾಯ್ತು." ಯಾರಿಗೂ ಹೇಳದೆ ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂತರು. ಒಂದು ದಿನ ನಿವೃತ್ತ ಬಸ್ ಡ್ರೈವರೊಬ್ಬರು ಮನೆ ಹುಡುಕಿಕೊಂಡು ಬಂದರು.

"ಕೆಲಸ ಬಿಟ್ಟೆ ಅಣ್ಣಾ, ನನಗೆ ಕಿವಿ ಸರಿಯಾಗಿ ಕೇಳಲ್ಲ."

"ನನಗೂ ಕೇಳಲ್ಲ ಕಣಮ್ಮಾ, ಅದಕ್ಕೇ ಬಂದೆ. ಸಿನಿಮಾ ನೋಡ್ತಾ ಮನೆಯವರೆಲ್ಲ ನಗ್ತಾರೆ. ನಾನು ಅವರ ಮುಖ ನೋಡಿ ನಗ್ತೀನಿ."

ಆ ಮಾತು ನಾಟಿತು. ಮರುದಿನವೇ ಸ್ಪೀಕರಕ್ಕ ಅವರ ಮನೆಯಲ್ಲಿದ್ದರು. ಅಳಿಯ ತಂದಿದ್ದ ದೊಡ್ಡ ಸೆಟ್ಟು ಕಿಟಕಿಯ ಗಾಜನ್ನೇ ನಡುಗಿಸುತ್ತಿತ್ತು. ಮಾತೆಲ್ಲ ಆ ಗುಡುಗಿನಡಿ ಹೂತುಹೋಗಿತ್ತು. ಗುಡುಗನ್ನು ತಗ್ಗಿಸಿದರು, ಟಿವಿಯ ಕೆಳಗೆ ಮಾತಿಗೆಂದೇ ಒಂದು ಸ್ಪೀಕರ್ ಇಟ್ಟರು, ಡ್ರೈವರಣ್ಣನ ಕುರ್ಚಿಯನ್ನು ಹತ್ತಿರ ತಂದರು. ತಮಗೆ ಕೇಳದ ಸಣ್ಣ ದನಿಗಳಿಗೆ ಆ ಮನೆಯ ಮಗಳನ್ನೇ ಕೇಳಿದರು: "ಕಿವಿಗೆ ಚುಚ್ಚುತ್ತಾ ಮಗಳೇ? ಈಗ?"

ನಗೆಚಿತ್ರವೊಂದನ್ನು ಹಾಕಿದರು. ಮಿಕ್ಕವರಿಗಿಂತ ಮುಂಚೆ ಡ್ರೈವರಣ್ಣ ಗಹಗಹಿಸಿ ನಕ್ಕರು. ಆಮೇಲೆ ಹೆಂಡತಿ ತಮ್ಮ ಮೆಚ್ಚಿನ ಹಳೇ ಹಾಡು ಹಾಕಿಸಿದಾಗ, ಡ್ರೈವರಣ್ಣ ತಲೆಯೆತ್ತಿ, "ಲೇ, ಇದರಲ್ಲಿ ಪಿಟೀಲು ಇತ್ತೇನೇ?" ಎಂದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ವಾರವೇ ಅಂಗಡಿಯ ಬೀಗ ತೆರೆಯಿತು. ಈಗ "ನನಗೆ ಒಂದೂವರೆ ಕಿವಿ" ಎಂದು ಮೊದಲೇ ಹೇಳಿಬಿಡುತ್ತಾರೆ. ಮನೆಯವರನ್ನೆಲ್ಲ ಕೂರಿಸಿ, ಒಬ್ಬೊಬ್ಬರನ್ನೂ ಕೇಳಿಯೇ ಸ್ಪೀಕರ್ ಆರಿಸುತ್ತಾರೆ. ಗಿರಾಕಿಗಳು ಕಡಿಮೆಯಾಗಿಲ್ಲ.

ಆಸೆ ಏನೆಂದು ಕೇಳಿದರೆ ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಳ್ಳುತ್ತಾರೆ. "ಎಲ್ಲ ಜೋಡಿಸಿ ನಾನು ಚಪ್ಪಲಿ ಮೆಟ್ಟೋ ಹೊತ್ತಿಗೆ ಯಾರೂ ಬಾಗಿಲವರೆಗೆ ಬರಬಾರದು. ಹಾಡು ಬಿಟ್ಟು ಏಳೋಕೆ ಅವರಿಗೆ ಮನಸ್ಸೇ ಬರಬಾರದು. ಅಷ್ಟು ಸಾಕಪ್ಪ."