ತವರಿಗೆ ಹೋಗಿದ್ದಾಳೆ ಎಂದೆ

ಹಿರೇಹಳ್ಳಿಯ ಕೋಣೆಗೆ ಬಂದ ಮೊದಲ ವಾರ ನರ್ಸಮ್ಮ ಬಾಗಿಲಲ್ಲಿ ನಿಂತು ಕೇಳಿದ್ದು ನನ್ನ ಹೆಸರನ್ನಲ್ಲ, ನಾನು ಕೊನೆಯ ಸಲ ಮುಟ್ಟಾದ ತಾರೀಖನ್ನು. ಚಪ್ಪಲಿ ಬಿಟ್ಟಿರಲಿಲ್ಲ, ಕೊಡೆ ಮಡಿಚಿರಲಿಲ್ಲ. ಹೇಳಿದೆ. ಬರೆದುಕೊಂಡು ಪಕ್ಕದ ಬಾಗಿಲಿಗೆ ಹೋದರು.

ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಗೆ ಬರುತ್ತಿದ್ದ ನರ್ಸಮ್ಮ ಮೊದಲು ಜಗಲಿಯ ಮೇಲೆ ಕೂರುತ್ತಿದ್ದರು. ಯಾರ ಸೊಸೆಗೆ ವಾಂತಿ, ಯಾರ ಮಗಳು ಹೆರಿಗೆಗೆ ಬಂದಿದ್ದಾಳೆ ಎಂಬುದೆಲ್ಲ ಅಲ್ಲೇ ಅವರಿಗೆ ತಿಳಿಯುತ್ತಿತ್ತು. ಒಬ್ಬರು ತಪ್ಪು ಹೇಳಿದರೆ ಇನ್ನೊಬ್ಬರು ತಿದ್ದುತ್ತಿದ್ದರು.

ಇಲ್ಲಿ ತಿದ್ದುವವರು ಇರಲಿಲ್ಲ. ತೊಂಬತ್ತರ ದಶಕದ ಕೊನೆ ಅದು. ರಾಗಿ ಹೊಲದ ನಡುವೆ ಎಂಟು ಕೋಣೆ, ಒಂದು ನಲ್ಲಿ, ಎರಡು ಕಕ್ಕಸು. ಇದಕ್ಕೆ ಲೈನ್ ಮನೆ ಎನ್ನುತ್ತಾರೆ. ಗಂಡಸರೆಲ್ಲ ಫ್ಯಾಕ್ಟರಿ ಶಿಫ್ಟಿನವರು. ಒಂದು ಸಂಸಾರ ಖಾಲಿ ಮಾಡಿದ ವಾರದಲ್ಲೇ ಇನ್ನೊಂದು ಬರುತ್ತಿತ್ತು. "ನನ್ನ ಹಾಕಿರೋದು ಹಳೇ ಊರಿಗೆ ಕಣಮ್ಮ," ಎಂದು ನರ್ಸಮ್ಮ ಒಮ್ಮೆ ಹೇಳಿದ್ದರು. "ಈ ಲೈನ್‌ಗಳ್ಗೆ ಅಂತ ಯಾರ್ನೂ ಹಾಕಿಲ್ಲ. ನಾನೇ ಸುತ್ತಬೇಕು."

ಗೋಡೆಯಾಚೆಯ ಮೂರನೇ ಕೋಣೆಯಲ್ಲಿ ಸುಶೀಲ ಇದ್ದಳು, ಕುಣಿಗಲ್ ಕಡೆಯವಳು, ಚೊಚ್ಚಲ ಬಸುರಿ. ನಲ್ಲಿಯ ಮುಂದೆ ಸರದಿ ಹಿಡಿಯುವುದು, ತುಮಕೂರಿಗೆ ಹೋಗುವ ಆಟೋದಲ್ಲಿ ಜಾಗ ಮಾಡಿಕೊಂಡು ಕೂರುವುದು, ಎಲ್ಲ ಅವಳೇ ಕಲಿಸಿದ್ದು. "ಏನೇ, ನಿಮ್ಮಮ್ಮ ಬಂದು ಕೊಡ ತುಂಬುಸ್ತಾಳೆ ಅಂತ ಕಾಯ್ತಿದೀಯಾ? ಮೋಟ್ರು ನಿಲ್ಸಿಬುಡ್ತಾರೆ, ಬಾರೇ," ಎಂದು ಗೋಡೆ ಬಡಿಯುತ್ತಿದ್ದಳು.

ಏಳು ತುಂಬಿದ ಮೇಲೆ ಅವಳ ತಾಯಿ ಬಂದು ಬಳೆ ತೊಡಿಸಿ ಕರೆದುಕೊಂಡು ಹೋದರು. ಮುಂದಿನ ವಾರ ನರ್ಸಮ್ಮ ಬಂದಾಗ ಮೂರನೇ ಬಾಗಿಲಿಗೆ ಬೀಗ.

"ತವರಿಗೆ ಹೋಗವ್ಳೆ," ಎಂದೆ.

"ಚೊಚ್ಚಲು ಅಲ್ವಾ? ಇನ್ನು ಕೂಸಿಗೆ ಐದು ತಿಂಗ್ಳಾಗೋವರ್ಗೂ ಇತ್ಲಾಗ್ ತಲೆ ಹಾಕಲ್ಲ ಬುಡು," ಎಂದು ಅವರು ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದರು.

ನಮ್ಮ ಕಡೆ ಯಾರಾದರೂ ಹಾಗೆಯೇ ಲೆಕ್ಕ ಹಾಕುತ್ತಾರೆ. ಆ ದಿನ ನನಗೆ ಖುಷಿಯಾಗಿತ್ತು ಎಂಬುದನ್ನೂ ಬರೆಯಬೇಕು. ಹೊಸಬಳಾದ ನನ್ನನ್ನು ಒಬ್ಬರು ಇಲ್ಲಿಯ ಸಂಗತಿ ಕೇಳಿದ್ದರು, ನಾನು ಉತ್ತರ ಹೇಳಿದ್ದೆ.

ಹನ್ನೆರಡು ದಿನಕ್ಕೆ ಸುಶೀಲ ವಾಪಸ್ ಬಂದಳು. ಅವಳ ಅಣ್ಣನ ಹೆಂಡತಿಯೂ ತುಂಬು ಬಸುರಿಯಂತೆ. ಒಂದೇ ಸೂರಿನಡಿ ಎರಡು ಹೆರಿಗೆಯಾದರೆ ಒಂದು ಕೂಸಿಗೆ ಆಗುವುದಿಲ್ಲ ಎಂದು ಅಜ್ಜಿ ಹಟ ಹಿಡಿದರಂತೆ. "ಅತ್ಗೆದ್ ಆಗ್ಲಿ, ಆಮೇಲ್ ಬಾ ಅಂದ್ರು. ನಂದೇನ್ ಇವ್ರನ್ನ ಕೇಳ್ಕಂಡ್ ಬರುತ್ತಾ?" ಎಂದು ನಕ್ಕಳು. ತಾಯಿ ಕಾರ್ಡು, ಅಂದರೆ ಬಸುರಿಯ ತೂಕ, ಬಿ.ಪಿ., ಇಂಜೆಕ್ಷನ್ ಬರೆದಿಡುವ ಚೀಟಿ, ಅವಸರದಲ್ಲಿ ತವರಿನಲ್ಲೇ ಉಳಿದಿತ್ತು.

ಮುಂದಿನ ಸುತ್ತಿಗೆ ನರ್ಸಮ್ಮ ಬಂದಾಗ ನಾನು ನಲ್ಲಿಯ ಹತ್ತಿರ ಇದ್ದೆ. ಎರಡನೇ ಬಾಗಿಲಲ್ಲಿ ಮಾತಾಡಿಸಿ ನಾಲ್ಕನೆಯದಕ್ಕೆ ಹೋದರು. ನೋಡಿದೆ. ಸುಶೀಲ ಒಳಗೆ ಮಲಗಿದ್ದಳು, ಬಾಗಿಲು ಮುಚ್ಚಿಕೊಂಡಿತ್ತು. ಎಬ್ಬಿಸುವುದೇಕೆ ಎಂದುಕೊಂಡೆನೋ, ನನ್ನ ಕೊಡದ ಸರದಿ ತಪ್ಪುತ್ತದೆ ಎಂದುಕೊಂಡೆನೋ, ಈಗ ಖಚಿತವಾಗಿ ಹೇಳಲಾರೆ. ಕೂಗಲಿಲ್ಲ.

ಅವಳ ಕಾಲು ಊದಿತ್ತು. ದಿನ ತುಂಬುತ್ತ ಬಂದಾಗ ಊದುತ್ತದೆ ಎಂದುಕೊಂಡೆವು. ಎರಡು ದಿನ ತಲೆನೋವು ಎಂದಳು. ಶುಂಠಿ ತೇದು ಹಣೆಗೆ ಹಚ್ಚಿದೆ. ಮೂರನೇ ದಿನ ಬೆಳಿಗ್ಗೆ ಸ್ಟೌ ಮುಂದೆ ಅವಳಿಗೆ ಫಿಟ್ಸ್ ಬಂತು. ಅವಳ ಗಂಡ ಶಿಫ್ಟಿನಲ್ಲಿದ್ದ. ಸಿಮೆಂಟು ಸಾಗಿಸುವ ಆಟೋದಲ್ಲಿ ಚಾಪೆ ಹಾಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತುಮಕೂರಿನ ಆಸ್ಪತ್ರೆಗೆ ಹೋದೆ.

"ಬಿ.ಪಿ. ಕೊನೆಗೆ ಯಾವಾಗ ನೋಡಿದ್ರು? ಕಾರ್ಡ್ ಎಲ್ಲಿ?" ಎಂದು ಡಾಕ್ಟರು ಕೇಳಿದರು.

ಕಾರ್ಡು ತವರಿನಲ್ಲಿದೆ ಎಂದೆ.

ಕೂಸು ಹೆಣ್ಣು. ಅಳಲಿಲ್ಲ. ಸುಶೀಲ ಪೂರ್ತಿ ಕಣ್ಣು ಬಿಟ್ಟದ್ದು ಮೂರನೇ ದಿನ, ಅಷ್ಟರಲ್ಲಿ ಗಂಡಸರು ಮಣ್ಣು ಮಾಡಿ ಬಂದಿದ್ದರು. ಅದರ ಮುಖ ನೋಡಿದ ಹೆಂಗಸು ನಾನೊಬ್ಬಳೇ. ಹೇಗಿತ್ತು ಎಂದು ಅವಳು ಕೇಳಿದಾಗ, ನಿನ್ನ ಹಾಗೇ ಇತ್ತು ಎಂದೆ.

ಅವಳ ತವರಿನಲ್ಲಿ ಆಗ ಅಣ್ಣನ ಹಸುಗೂಸು ಇತ್ತು. ಕೂಸು ಕಳೆದುಕೊಂಡವಳನ್ನು ಆ ಮನೆಗೆ ಕರೆಯಲಿಲ್ಲ. ಅವಳ ತಾಯಿ ನಾಲ್ಕು ದಿನ ಇದ್ದು ಸೊಸೆಯ ಬಾಣಂತನಕ್ಕೆ ಹೊರಟರು. ಸುಶೀಲಳಿಗೆ ನೀರು ಹಾಕಿದ್ದು, ಸೊಂಟಕ್ಕೆ ಸೀರೆ ಬಿಗಿದದ್ದು, ಮೆಣಸಿನ ಸಾರು ಮಾಡಿಕೊಟ್ಟದ್ದು ನಾನು. ಒಂದು ಮಧ್ಯಾಹ್ನ ಎಣ್ಣೆ ಹಚ್ಚಿಸಿಕೊಳ್ಳುತ್ತ ಅವಳು ಹೇಳಿದಳು: "ನಂಗೆ ತವ್ರು ಅಂತ ಇರೋದು ನೀನೇ ಕಣೇ."

ನರ್ಸಮ್ಮ ಮತ್ತೆ ಬಂದಾಗ ಅವಳು ನಿದ್ದೆಯಲ್ಲಿದ್ದಳು. ವಿಷಯ ಕೇಳಿ ಅವರು ಮೊದಲ ಸಲ ನನ್ನ ಹೊಸ್ತಿಲ ಮೇಲೆ ಕುಳಿತರು.

"ನೀನೇ ಅಲ್ವೇನಮ್ಮ ಹೇಳಿದ್ದು, ಹೋಗವ್ಳೆ ಅಂತ?" ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಹೂಂ."

"ಹೋದ್ ಸಲ ಬಂದಾಗ ಬೀಗ ಇರ್ಲಿಲ್ಲ. ನಾನಾದ್ರೂ ಇಣುಕಬೋದಿತ್ತು," ಎಂದು ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು ಎದ್ದರು. ಅವರಿಗೆ ಬೇರೆ ಕಡೆ ವರ್ಗವಾಗಿ ಈಗ ಹಲವು ವರ್ಷ. ನಾನು ಹೇಳಿದ ಮಾತು ಗೊತ್ತಿದ್ದ ಇನ್ನೊಬ್ಬರು ಇಲ್ಲಿ ಇಲ್ಲ.

ಗುಬ್ಬಿಗೆ ಹೋದಾಗ ಅಮ್ಮನಿಗೆ ಹೇಳಿದ್ದೆ. "ಬುಡು ಮಗ, ನೀನೇನ್ ಬೇಕಂತ ಅಂದ್ಯಾ? ಯಾರಾದ್ರೂ ಅಂಗೇ ಅನ್ನೋರು," ಎಂದರು. ಅಲ್ಲಿ ಇದ್ದಷ್ಟು ದಿನ ಅದು ಸರಿ ಎನಿಸುತ್ತದೆ, ಚೆನ್ನಾಗಿ ನಿದ್ದೆ ಬರುತ್ತದೆ. ವಾಪಸ್ ಬಂದು ಇಳಿದರೆ ಸುಶೀಲ ಸ್ಟಾಪಿಗೇ ಬಂದಿರುತ್ತಾಳೆ. ಆಮೇಲೆ ಹುಟ್ಟಿದ ನನ್ನ ಮಗಳನ್ನು ಕಂಕುಳಿಗೆ ಎಳೆದುಕೊಂಡು, "ಏನೇ, ನಿಮ್ಮೂರೇ ಹೆಚ್ಚಾಯ್ತಾ?" ಎಂದು ಬೈಯುತ್ತ ಮುಂದೆ ನಡೆಯುತ್ತಾಳೆ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ಊರಿಗೇ ಹೋಗಿಬಿಡೋಣ ಎಂದು ನನ್ನ ಗಂಡ ಆಗಾಗ ಹೇಳುತ್ತಾರೆ. ಆ ಮಾತನ್ನು ಸುಶೀಲಳಿಗೆ ಹೇಳದೆ ನಾನು ಹೊರಡಲಾರೆ. ಈ ಬರಹ ಅಚ್ಚಾಗಿ ಯಾರಾದರೂ ಅವಳಿಗೆ ಓದಿ ಹೇಳುವ ಮೊದಲು ನಾನೇ ಹೇಳಬೇಕು. ಹೇಳಿದ ಮೇಲೆ ಈ ಊರಿನಲ್ಲಿ ನನ್ನನ್ನು ಬೈಯಲು ಯಾರಾದರೂ ಸ್ಟಾಪಿಗೆ ಬರುತ್ತಾರೋ ಇಲ್ಲವೋ, ಗೊತ್ತಿಲ್ಲ.