ನಾಯಿಗಾಗಿ ಬಂದ ಮಂದಿ

ಜೇವರ್ಗಿ ಕಾಲೋನಿಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಇದೆ. ಆ ಮನೆಗೆ ಬಾಡಿಗೆಗೆ ಬಂದ ಗಂಡ ಹೆಂಡತಿ ಹೊಸದರಲ್ಲಿ ನಮಗೆಲ್ಲ ಹಿಡಿಸಿದ್ದರು. ಆತ ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಮೇಲ್ವಿಚಾರಕ. ಸಂಜೆ ಬರುವಾಗ ಅಂಗಿಯ ಮೇಲೆಲ್ಲ ತೊಗರಿಯ ಹೊಟ್ಟು. ಎದುರಾದರೆ ಗಾಡಿ ನಿಲ್ಲಿಸಿ "ಆರಾಮೇನ್ರಿ ವೈನಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ. ದಸರೆಯಲ್ಲಿ ಓಣಿಯ ಹಿರಿಯರಿಗೆಲ್ಲ ಬನ್ನಿ ಕೊಟ್ಟು ಕಾಲು ಮುಟ್ಟಿ ನಮಸ್ಕರಿಸಿದ. "ಹುಡುಗ ಅಂದ್ರ ಹಿಂಗಿರಬೇಕು ನೋಡು" ಎಂದರು ನಮ್ಮ ಮನೆಯವರು.

ಆಕೆ ಕಮಲಾಪುರದವಳು. ತವರಿನಲ್ಲಿ ಅಣ್ಣನ ಬಾಳೆತೋಟವಿತ್ತು. ಊರಿಗೆ ಹೋಗಿ ಬಂದಾಗಲೆಲ್ಲ ಗೋಡೆಯ ಮೇಲಿಂದ ಕೆಂಪು ಬಾಳೆಹಣ್ಣು ಕೊಡುತ್ತಿದ್ದಳು. ಮಾತು ಕಡಿಮೆ. ಆಡುತ್ತಿದ್ದುದೆಲ್ಲ ಓಣಿಯ ಒಂದು ಕೆಂದು ಬಣ್ಣದ ಹೆಣ್ಣುನಾಯಿಯ ಜೊತೆಗೆ. ಅದಕ್ಕೊಂದು ಹೆಸರನ್ನೂ ಇಟ್ಟಿರಲಿಲ್ಲ; "ಬಾರವ್ವಾ, ಉಣ್ಣವ್ವಾ" ಎಂದು ಮಗಳನ್ನು ಕರೆದಂತೆ ಕರೆಯುತ್ತಿದ್ದಳು. ಮಿಕ್ಕ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿ, ಅದು ತಿಂದು ಮುಗಿಸುವವರೆಗೆ ಹೊಸ್ತಿಲ ಹತ್ತಿರವೇ ಕೂತಿರುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ಸಂಜೆ ಹೊತ್ತು ಗೋಡೆಯಾಚೆಯಿಂದ ಸಪ್ಪಳ ಕೇಳಿಸತೊಡಗಿತು. ಪಾತ್ರೆ ಬಿದ್ದಿರಬೇಕು ಎಂದುಕೊಂಡೆವು. ಆಮೇಲೆ ಹಾಗೆ ಅಂದುಕೊಳ್ಳುವುದು ಕಷ್ಟವಾಯಿತು. ನಾನೊಂದು ಉಪಾಯ ಕಂಡುಕೊಂಡೆ. ಸಪ್ಪಳ ಶುರುವಾದ ಕೂಡಲೇ ಒಂದು ಬಟ್ಟಲು ಹಿಡಿದು ಹೋಗಿ ಅವರ ಮನೆಯ ಬೆಲ್ ಒತ್ತುತ್ತಿದ್ದೆ. "ತಂಗೀ, ಒಂಚೂರು ಹೆಪ್ಪು ಇದ್ರ ಕೊಡವಾ." ಒಳಗೆ ಎಲ್ಲ ಸ್ತಬ್ಧವಾಗುತ್ತಿತ್ತು. ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ಬಂದು, ಬಟ್ಟಲಿಗೆ ಚೂರು ಮೊಸರು ಹಾಕಿ, ಮುಖ ತೋರಿಸದೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲಿ ಮೊಸರಿಗೆ ಬರವಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು, ಬಹುಶಃ ಅವನಿಗೂ. ಆವತ್ತಿನ ಮಟ್ಟಿಗೆ ಹೊಡೆತ ನಿಲ್ಲುತ್ತಿತ್ತು. ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡು ಮನೆಗೆ ಬರುತ್ತಿದ್ದೆ.

ಓಣಿಗೂ ಗೊತ್ತಿತ್ತು. ಎದುರು ಮನೆಯ ಟ್ಯೂಷನ್ ಮೇಡಂ ಆ ಹೊತ್ತಿಗೆ ಕಿಟಕಿ ಮುಚ್ಚಿ, ಮಕ್ಕಳಿಂದ ಗಟ್ಟಿಯಾಗಿ ಮಗ್ಗಿ ಹೇಳಿಸುತ್ತಿದ್ದರು.

ಅದೊಂದು ಶುಕ್ರವಾರ ಬೆಳಿಗ್ಗೆ. ನಾನು ಆಫೀಸಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ. ನಾಯಿ ಕಿರುಚಿದ ದನಿ ಕೇಳಿ ಗೇಟಿಗೆ ಓಡಿದೆ. ಆತ ಬನಿಯನ್ನಿನಲ್ಲೇ ಬೀದಿಗೆ ಬಂದು, ಕಬ್ಬಿಣದ ಸಲಾಕೆಯಿಂದ ಆ ಕೆಂದು ನಾಯಿಗೆ ಬಾರಿಸುತ್ತಿದ್ದ. ಹೆಂಡತಿಯ ಮೇಲೆ ಕೈ ಎತ್ತಿದಾಗ ಅದು ಬಾಗಿಲಲ್ಲಿ ನಿಂತು ಅವನನ್ನು ನೋಡಿ ಗುರುಗುಟ್ಟಿತಂತೆ. ಅದು ನನಗೆ ತಿಳಿದದ್ದು ಆಮೇಲೆ. ನಾಯಿಯ ಹಿಂಗಾಲು ಮುರಿದು ಜೋತಾಡುತ್ತಿತ್ತು.

ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಓಣಿಗೆ ಓಣಿಯೇ ಹೊರಗೆ ಬಂತು. ವಾಕಿಂಗ್ ಮುಗಿಸಿ ಬಂದವರು, ಹಲ್ಲುಜ್ಜುತ್ತಿದ್ದವರು, ಟ್ಯೂಷನ್ ಮೇಡಂ, ಅವರ ಗಂಡ, ಎಲ್ಲರೂ. "ಮೂಕ ಪ್ರಾಣಿ ಅದರೀ ಅದು! ಮನಷ್ಯಾರ ಅದೀರೇನು ನೀವು?" ಎಂದು ಒಬ್ಬರು ಕೂಗಿದರು. ಇನ್ನೊಬ್ಬರು ಸಲಾಕೆ ಕಿತ್ತುಕೊಂಡರು. ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ, ಪೊಲೀಸರಿಗೆ ಫೋನ್ ಹಚ್ಚುತ್ತೇನೆ ಎಂದಳು. ಆತ ಬೆವರಿ ನೀರಾಗಿ, ಕೈ ಮುಗಿದು, "ತಪ್ಪಾತ್ರೀ, ಸಿಟ್ಟಿನಾಗ ಆಗಿಬಿಡ್ತು" ಎನ್ನುತ್ತಾ ಹಿಂದೆ ಸರಿದ.

ಆಗ ಅವಳು ಹೊರಗೆ ಬಂದಳು. ಯಾರನ್ನೂ ನೋಡಲಿಲ್ಲ. ನೆಲಕ್ಕೆ ಕೂತು ನಾಯಿಯ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

ಅಷ್ಟರಲ್ಲಿ ನನ್ನನ್ನು ದಿನಾ ಆಫೀಸಿಗೆ ಬಿಡುವ ಆಟೋ ಬಂತು. ಓಡಿಸುವವರು ಮೋಮಿನಪುರದ ಹಿರಿಯರು. ನಾಯಿಯನ್ನು ನೋಡಿ ಒಂದು ಗಳಿಗೆ ಹಿಂಜರಿದರು. "ಇವತ್ತ ಜುಮ್ಮಾ ಅದರಿ ಅಮ್ಮಾ, ನಮಾಜಿಗಿ ಹೋಗೂದದ. ಅದರ ಬಾಯಿ ಜೊಲ್ಲು ನನ್ನ ಬಟ್ಟೀಗಿ ಹತ್ತಬಾರ್ದು. ಒಂದು ಗೋಣಿಚೀಲ ಹಾಸಿ ಕೂಡಸ್ರಿ" ಎಂದರು. ಹಾಸಿ ನಾಯಿಯನ್ನು ಮಲಗಿಸಿ, ಅವಳೂ ನಾನೂ ಹತ್ತಿದೆವು. ದಾರಿಯುದ್ದಕ್ಕೂ ಅವರು ರಸ್ತೆಯ ಒಂದು ಉಬ್ಬಿನಲ್ಲೂ ಗಾಡಿ ಕುಲುಕದಂತೆ ಓಡಿಸಿದರು.

ದನದ ದವಾಖಾನೆಯಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು, ಬಿದಿರಿನ ದಬ್ಬೆ ಇಟ್ಟು ಕಾಲಿಗೆ ಪಟ್ಟಿ ಕಟ್ಟಿದರು. ನಾಯಿಯನ್ನು ಹಿಡಿದುಕೊಂಡಿದ್ದ ಅವಳ ಸೆರಗು ಜಾರಿತ್ತು. ಮಣಿಕಟ್ಟು ಊದಿಕೊಂಡಿತ್ತು, ಕಿವಿಯ ಹಿಂದೆ ಹೆಪ್ಪುಗಟ್ಟಿದ ನೀಲಿ.

"ನಿನ್ನ ಕೈ ತೋರಿಸೂಣು ಬಾ ತಂಗಿ, ಇಲ್ಲೇ ದೊಡ್ಡ ದವಾಖಾನಿ ಅದ" ಎಂದೆ.

ಅವಳು ಆ ಮಾತು ಕೇಳಿಸಿಕೊಳ್ಳಲೇ ಇಲ್ಲ. ನಾಯಿಯ ಕಿವಿ ಸವರುತ್ತಾ ಹೇಳಿದಳು: "ಅಕ್ಕಾ, ಓಣ್ಯಾಗ ಅಷ್ಟ್ ಮಂದಿ ಅದಾರಂತ ನನಗ ಗೊತ್ತೇ ಇದ್ದಿಲ್ರಿ. ನಾಯಿ ಬಡದ್ರ ಎಷ್ಟ್ ಮಂದಿ ಬಂದ್ರು ನೋಡ್ರಿ."

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಅವಳ ದನಿಯಲ್ಲಿ ನಿಜವಾದ ಬೆರಗಿತ್ತು.

"ನನಗ ಕಮಲಾಪುರಕ್ಕ ಬಿಟ್ಟು ಬರ್ರಿ" ಎಂದಳು. ಆಟೋದವರು ಕೇಳಿಸಿಕೊಂಡು, "ಕೂಡ್ರಿ, ಹೋಗೂಣು. ಮಸೂತಿ ಅಲ್ಲೂ ಅದಾವ" ಎಂದರು.

ತೋಟದ ಮನೆಯ ಮುಂದೆ ಇಳಿದಾಗ ಅವಳ ತಾಯಿ ಓಡಿ ಬಂದು ಮಗಳ ಮುಖ ನೋಡಿದಳು. ಒಳಗೆ ಹೋಗಿ ಅರಿಶಿನ ಬಿಸಿ ಮಾಡಿ ತಂದಳು. ಅಣ್ಣ ಒಳ್ಳೆಯ ಮನುಷ್ಯ. ನಾಯಿಯನ್ನು ತಾನೇ ಎತ್ತಿಕೊಂಡು ಹೋಗಿ ಬಾಳೆಯ ನೆರಳಲ್ಲಿ, ಒಣ ಎಲೆಗಳ ಮೇಲೆ ಮಲಗಿಸಿದ. "ಅಳಿಯಾರು ಹೊಡದ್ರೇನು? ಇಂಥಾ ಮೂಕಪ್ರಾಣಿಗಿ? ಕೈ ಹ್ಯಾಂಗ ಬಂತು ಅವರಿಗಿ?" ಎಂದು ಹಲ್ಲು ಕಡಿದ.

"ತಂಗೀಗೂ ಹೊಡೀತಾನಪ್ಪಾ. ಭಾಳ ದಿನದಿಂದ" ಎಂದೆ.

ಆತ ತಲೆ ತಗ್ಗಿಸಿದ. "ಗಂಡ ಹೆಂಡ್ತಿ ಅಂದಮ್ಯಾಲ ಒಂದು ಮಾತು ಬರ್ತದ ಹೋಗ್ತದ್ರಿ. ನಾಕ್ ದಿನ ಇರ್ಲಿ, ಹೇಳಿ ಕಳಸ್ತೀವಿ" ಎಂದ.

ಹಾಗೇ ಆಯಿತು. ಎರಡೂ ಕಡೆಯ ಹಿರಿಯರು ಕೂಡಿದರು. ಆತ ಹೊಸ ಸೀರೆ ತಂದ, ಅತ್ತೆಯ ಕಾಲಿಗೆ ಬಿದ್ದ. ನಾಯಿ ಮಾತ್ರ ಮನೆಗೆ ಬರಕೂಡದು ಎಂದನಂತೆ. ಅದಕ್ಕೆ ಎಲ್ಲರೂ ಒಪ್ಪಿದರು. ಅದು ದೊಡ್ಡ ವಿಷಯವೇನಲ್ಲವಲ್ಲ.

ಅವಳು ಮರಳಿ ಬಂದ ಮೇಲೆ ಆ ಮನೆಯ ಕಿಟಕಿಗಳು ತೆರೆಯಲಿಲ್ಲ. ಓಣಿಯವರು ಆತನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ನಾಯಿ ಹೊಡೆದವನು ಎಂದೇ ಅವನ ಹೆಸರಾಗಿತ್ತು. ಮುಂದಿನ ತಿಂಗಳೇ ಅವರು ಮನೆ ಖಾಲಿ ಮಾಡಿದರು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ. "ಪೀಡಾ ಹೋತು" ಎಂದರು ಟ್ಯೂಷನ್ ಮೇಡಂ. ಪೀಡೆಯ ಜೊತೆ ಅವಳೂ ಹೋದಳು ಎನ್ನುವುದನ್ನು ನಾನೂ ಅವರೆದುರು ಆಡಲಿಲ್ಲ.

ಶ್ರಾವಣ ಕಳೆದ ಮೇಲೆ ಒಂದು ಮದುವೆಗೆಂದು ಹುಮನಾಬಾದಿಗೆ ಹೊರಟವಳು, ಮನಸ್ಸು ತಡೆಯದೆ ಕಮಲಾಪುರದಲ್ಲಿ ಬಸ್ಸಿಳಿದು ತೋಟಕ್ಕೆ ಹೋದೆ. ನಾಯಿ ಮೈತುಂಬಿಕೊಂಡಿತ್ತು. ಕುಂಟುತ್ತಾ ಬಂದು ಸೀರೆ ಮೂಸಿತು. ಅಣ್ಣ ಗೊನೆ ಕಡಿಸುತ್ತಿದ್ದ.

"ತಂಗಿ ಪಂಚಮಿಗೂ ಬರ್ಲಿಲ್ರಿ" ಎಂದ. "ಫೋನ್ ಹಚ್ಚಿದ್ರ ಅಳಿಯಾರೇ ಎತ್ತತಾರ. ಆರಾಮ ಅದಾಳ ಅಂತಾರ."

"ಒಮ್ಮಿ ಹೋಗಿ ನೋಡಿ ಬರಬಾರ್ದೇನು?"

"ಹೋಗಬೇಕ್ರಿ. ಈ ಗೊನಿ ಕೆಲಸ ಒಂದು ಮುಗೀಲಿ."

ಅವನಿಂದ ವಿಳಾಸ ಕೇಳಿಕೊಂಡು, ಆ ಭಾನುವಾರ ನಾನೇ ಹೋದೆ. ನಂದೂರಿನ ಕಡೆ, ಮಿಲ್ಲುಗಳ ಹಿಂದೆ, ಒಂದು ಹೊಸ ಕಟ್ಟಡದ ಎರಡನೇ ಮಹಡಿ. ಬಾಗಿಲು ತಟ್ಟಿದೆ. ಸರಪಳಿ ತೆಗೆಯದೆ ಅವಳು ಇಷ್ಟೇ ಇಷ್ಟು ಬಾಗಿಲು ತೆರೆದಳು. ಸೊರಗಿ ಹೋಗಿದ್ದಳು. ನನ್ನನ್ನು ಕಂಡು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಹ್ಯಾಂಗ ಅದೀ ತಂಗಿ?"

"ಆರಾಮ ಅದೀನ್ರಿ ಅಕ್ಕಾ" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಅದು ಹ್ಯಾಂಗ ಅದರಿ?"

"ಚಲೋ ಅದ. ನಡೀತದ, ಉಣ್ತದ" ಎಂದೆ.

ಅವಳ ಮುಖದಲ್ಲಿ ಒಂದು ಕ್ಷಣ ಏನೋ ಬೆಳಗಿತು. ಒಳಗಿನಿಂದ ಆತನ ದನಿ ಬಂತು. "ಯಾರು ಅದು?"

ಅವಳು ನನ್ನನ್ನೇ ನೋಡುತ್ತಾ, ತಿರುಗದೆಯೇ ಉತ್ತರ ಕೊಟ್ಟಳು. "ಯಾರಿಲ್ರಿ. ಯಾರದೋ ಮನಿ ಕೇಳ್ಲಾಕ ಬಂದಾರ."

ಬಾಗಿಲು ಹಾಕಿಕೊಂಡಿತು. ಮತ್ತೆ ತಟ್ಟಲು ಕೈ ಎತ್ತಿದೆ. ನಾನು ತಟ್ಟಿದರೆ ಹೋದ ಮೇಲೆ ಅವಳಿಗೆ ಏನಾಗಬಹುದು ಎನ್ನಿಸಿ ಇಳಿಸಿದೆ. ಮೆಟ್ಟಿಲಲ್ಲಿ ನೀರಿನ ಕೊಡ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು "ಯಾರ್ ಬೇಕಾಗಿತ್ರಿ?" ಎಂದಳು. ಆ ಬಾಗಿಲನ್ನು ತೋರಿಸಿ, "ಆ ತಂಗೀಗಿ ಸ್ವಲ್ಪ ನೋಡಕೋತ ಇರವಾ" ಎಂದೆ. ಅವಳು ಬಾಗಿಲನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಕೊಡ ಸರಿಮಾಡಿಕೊಂಡು ಮೇಲೆ ಹೋದಳು.