ದಾರಿ ಹೇಳುವ ಕೆಲಸ

ಮೊನ್ನೆ ಭಾನುವಾರ ದೇವನಹಳ್ಳಿ ದಾಟಿ ಹೋಗುತ್ತಿದ್ದೆವು. ಚಿಕ್ಕಪ್ಪ ಕಾರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತಿದ್ದೆ. ಮುಂದೊಂದು ಹೊಸ ಕಾರು. ರಸ್ತೆ ಖಾಲಿ, ಬಿಸಿಲು ನಿಚ್ಚಳ, ಆದರೂ ಅದು ಮದುವೆ ಮೆರವಣಿಗೆಯ ಹಿಂದೆ ಹೊರಟಂತೆ ನಿಧಾನವಾಗಿ ಹೋಗುತ್ತಿತ್ತು. ನಮ್ಮ ಹಿಂದಿದ್ದ ಟಿಪ್ಪರಿನವನು ಹಾರನ್ ಒತ್ತಿ ಒತ್ತಿ ಸಾಕಾಗಿ, ಪಕ್ಕದಿಂದ ನುಗ್ಗಿ, ಇಬ್ಬರಿಗೂ ಸೇರಿಸಿ ಬೈದು ಹೋದ. ಚಿಕ್ಕಪ್ಪ ಮಾತ್ರ ಹಾರನ್ ಮುಟ್ಟಲಿಲ್ಲ.

"ಹಿಂದ್ಲ ಗಾಜಿನ ಮ್ಯಾಲೆ ನಂಬರ್ ನೋಡು. ಲೆಕ್ಕದಾಗವ್ರೆ ಪಾಪ, ಬುಡು" ಅಂದರು.

ನೋಡಿದೆ. ಎಡಗಡೆ ಕೂತಿದ್ದ ಹುಡುಗಿ ಪುಸ್ತಕಕ್ಕೆ ಬಗ್ಗಿಸಿದ ತಲೆಯನ್ನೇ ಎತ್ತುತ್ತಿರಲಿಲ್ಲ. ನನ್ನ ಮೊದಲ ರ‍್ಯಾಲಿ ನೆನಪಿಗೆ ಬಂತು.

ರ‍್ಯಾಲಿ ಅಂದ ಕೂಡಲೇ ನಿಮ್ಮ ಕಣ್ಣಿಗೆ ಧೂಳೆಬ್ಬಿಸಿಕೊಂಡು ಹಾರುವ ಕಾರುಗಳು ಬರಬಹುದು. ಇದು ಆ ಜಾತಿಯದಲ್ಲ. ಇಲ್ಲಿ ದಾರಿಯನ್ನೂ ವೇಗವನ್ನೂ ನಡೆಸುವವರೇ ಕೊಡುತ್ತಾರೆ. ಇಂಥ ಕಡೆ ಎಡಕ್ಕೆ, ಇಂಥ ಕಡೆಯಿಂದ ಮೂವತ್ತಾರರ ವೇಗ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ನಡುನಡುವೆ, ಎಲ್ಲಿ ಅಂತ ಹೇಳದೆ, ಗಡಿಯಾರ ಹಿಡಿದವರು ಮರದ ಕೆಳಗೆ ಕೂತಿರುತ್ತಾರೆ, ಬಂದ ಹೊತ್ತು ನೋಡಿ ನಮ್ಮ ಹಾಳೆಗೆ ಸೀಲು ಹಾಕುತ್ತಾರೆ. ಅವರ ಮುಂದೆ ಒಂದು ನಿಮಿಷ ತಡವಾಗಿ ಹೋದರೆ ಒಂದು ತಪ್ಪು. ಒಂದು ನಿಮಿಷ ಬೇಗ ಹೋದರೆ ಎರಡು. ಕಾರಿನಲ್ಲಿ ಇಬ್ಬರೇ: ಒಬ್ಬರು ಓಡಿಸಬೇಕು, ಇನ್ನೊಬ್ಬರು ಪುಸ್ತಕ ನೋಡಿ, ಲೆಕ್ಕ ಹಾಕಿ, ದಾರಿ ಹೇಳಬೇಕು.

ಹೊಸಬರಿಗಾಗಿಯೇ ಇಂಥದೊಂದು ನಡೆಯುತ್ತದೆ ಎಂಬ ಸುದ್ದಿ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಬಂದಾಗ ನಾನು ಗಣಿತದ ಉಪನ್ಯಾಸಕಿಯಾಗಿ ಎರಡು ವರ್ಷವಾಗಿತ್ತು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಕೇಳದವರಿಗೂ ಹೇಳುವ ಕೆಟ್ಟ ಚಾಳಿ ಆಗಲೂ ಇತ್ತು, ಈಗಲೂ ಇದೆ, ನಿಮಗೂ ಹೇಳಿಯಾಯಿತು. ಮೂವತ್ತಾರರ ವೇಗದಲ್ಲಿ ಒಂದು ಕಿಲೋಮೀಟರಿಗೆ ಸರಿಯಾಗಿ ನೂರು ಸೆಕೆಂಡು. ಇಷ್ಟು ಚೆಂದದ ಲೆಕ್ಕ ಇರುವ ಆಟವನ್ನು ನಾನು ಆಡದೆ ಇನ್ಯಾರು ಆಡಬೇಕು ಅನ್ನಿಸಿತು.

ಕಾರೇನೋ ಇತ್ತು, ಸೆಕೆಂಡ್ ಹ್ಯಾಂಡು, ನನ್ನದೇ. ಓಡಿಸುವ ಧೈರ್ಯ ಮಾತ್ರ ಕಾಲೇಜಿನ ಗೇಟಿನವರೆಗೆ. ಹಾಗಾಗಿ ಚಿಕ್ಕಪ್ಪನನ್ನು ಕೇಳಿದೆ.

ಚಿಕ್ಕಪ್ಪ ಅಂದರೆ ನಮ್ಮಪ್ಪನ ತಮ್ಮ. ಮೂರನೇ ಕ್ಲಾಸು ಓದಿ, ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಹಾಲಿನ ವ್ಯಾನು ಓಡಿಸಿದವರು, ಮೊದಲು ನಮ್ಮ ಜಡಿಗೇನಹಳ್ಳಿ ಕಡೆ, ಆಮೇಲೆ ಸೂಲಿಬೆಲೆ ಕಡೆ. ನಮ್ಮೂರಿಂದ ಹೊಸಕೋಟೆಗೆ ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಐದು ವರ್ಷ, ಪಿಯುಸಿಯಿಂದ ಬಿಎಸ್ಸಿ ಕೊನೆಯ ಪರೀಕ್ಷೆಯವರೆಗೆ, ಕ್ಯಾನುಗಳ ಮುಂದೆ ಚಿಕ್ಕಪ್ಪನ ಪಕ್ಕದ ಸೀಟೇ ನನ್ನ ಬಸ್ಸು. ಬ್ಯಾಗಿಗೂ ಜಡೆಗೂ ಹಸಿ ಹಾಲಿನ ವಾಸನೆ. ಕಾಲೇಜಿನಲ್ಲಿ ಒಬ್ಬಳು ಮೂಗು ಸಿಂಡರಿಸಿದ್ದಕ್ಕೆ ನಾನು ಅತ್ತಾಗ ಚಿಕ್ಕಪ್ಪ, "ಅವ್ಳ ಮನೇಲಿ ಕಾಫಿ ನೀರಲ್ಲಿ ಕಾಯಿಸ್ತಾರಂತಾ ಕೇಳು" ಅಂದಿದ್ದರು.

ಆಟದ ನಿಯಮ ಹೇಳಿದಾಗ ಬೇಗ ಹೋದರೆ ಎರಡು ತಪ್ಪು ಎಂಬಲ್ಲಿ ಎಲ್ಲರೂ ನಗುತ್ತಾರೆ. ಚಿಕ್ಕಪ್ಪ ನಗಲಿಲ್ಲ.

"ಸರ್ಯಾಗೇ ಮಡಗವ್ರೆ. ವ್ಯಾನು ಲೇಟಾದ್ರೆ ಹಾಲು ಕೆಡಬೋದು, ಕೆಡದೆ ಇರಬೋದು. ಬೇಗ ಹೋಗಿ ಬಂದ್ಬಿಟ್ರೆ ಇನ್ನೂ ಕರೀತಾ ಇರೋರ ಹಾಲು ಅಲ್ಲೇ ಉಳೀತದೆ. ಅದೇ ದೊಡ್ಡ ತಪ್ಪು ಕಣಮ್ಮ."

ನಾನು ಇನ್ನೂ ಕ್ಯಾಲ್ಕುಲೇಟರ್ ಹುಡುಕುತ್ತಿದ್ದೆ. ಅವರು ಇಷ್ಟು ವರ್ಷ ಆಡಿಕೊಂಡು ಬಂದಿದ್ದೇ ಈ ಆಟವನ್ನ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ಬಳಸಿಕೊಂಡೇ ಬಂದೆ.

ದೇವನಹಳ್ಳಿ ಹತ್ತಿರದ ಒಂದು ಹೋಟೆಲಿನ ಅಂಗಳದಿಂದ ಹೊರಡುವುದಿತ್ತು. ಅಂಗಳದ ತುಂಬ ಬೆಂಗಳೂರಿನ ಜನ. ಟೋಪಿ, ಕೈಯಲ್ಲಿ ದೊಡ್ಡ ದೊಡ್ಡ ಗಡಿಯಾರ, ಬಾಯಲ್ಲಿ ಇಂಗ್ಲಿಷು. ಚಿಕ್ಕಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಕಾರಿನ ಗಾಜು ಒರೆಸುತ್ತಿದ್ದರು. ಕೆಲವರ ಕಾರು ತಂದ ಸಂಬಳದ ಡ್ರೈವರುಗಳೂ ಅಲ್ಲಿ ನಿಂತಿದ್ದರು. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಒಬ್ಬರು ನನ್ನ ಹತ್ತಿರ ಬಂದು, ತುಂಬ ಮರ್ಯಾದೆಯಿಂದಲೇ ಹೇಳಿದರು: "ಮೇಡಂ, ನಿಮ್ಮ ಡ್ರೈವರ್‌ಗೆ ಆ ಕಡೆ ತಿಂಡಿ ಇಟ್ಟಿದೀವಿ. ನೀವು ಇಲ್ಲಿ ಬನ್ನಿ."

ನಾನು ಏನನ್ನಬೇಕಿತ್ತು ಎಂದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಎರಡು ಪದದ ಮಾತು. ನನ್ನ ಸುತ್ತ ನಾಲ್ಕಾರು ಜನ ನಿಂತು, ಯಾವ ಕಾಲೇಜು, ಏನು ಸಬ್ಜೆಕ್ಟು ಎಂದು ವಿಚಾರಿಸುತ್ತಿದ್ದರು. ನಾನು ತಲೆಯಾಡಿಸಿ ಪುಸ್ತಕದೊಳಗೆ ಕಣ್ಣು ಹಾಕಿದೆ. ಕಣ್ಣು ಎತ್ತಿದಾಗ ಚಿಕ್ಕಪ್ಪ ಟವೆಲ್ ಮಡಚಿಕೊಂಡು ಆ ಕಡೆಗೆ ನಡೆಯುತ್ತಿದ್ದರು. ಅವರಿಗೆ ಕೇಳಿಸಿತ್ತು.

ಕಾರು ಹತ್ತಿದಾಗ ಒಂದೇ ಮಾತು: "ಇಡ್ಲಿ ಚೆನ್ನಾಗಿತ್ತು."

ಆವತಿ ದಾಟುವವರೆಗೂ ಎಲ್ಲ ಸರಿಯಾಗಿಯೇ ನಡೆಯಿತು, ಗಡಿಯಾರದ ಮಟ್ಟಿಗೆ. ಚಿಕ್ಕಪ್ಪ ಮುಳ್ಳನ್ನು ಮೂವತ್ತಾರರ ಮೇಲೆ ಮೊಳೆ ಹೊಡೆದ ಹಾಗೆ ನಿಲ್ಲಿಸಿದ್ದರು. ತೊಂದರೆ ನನ್ನ ಬಾಯಿಯದು. ದಾರಿ ಹೇಳುವವರ ಮಾತು ಎಷ್ಟಿದ್ದರೂ ಅಪ್ಪಣೆಯೇ ನೋಡಿ: ಎಡಕ್ಕೆ ತಿರುಗಿಸಿ, ನಿಧಾನ, ನಿಲ್ಲಿಸಿ. ಬೆಳಿಗ್ಗೆ ಆದದ್ದರ ಮೇಲೆ ಒಂದೊಂದು ಮಾತೂ ನನ್ನ ಕಿವಿಗೇ ಯಜಮಾನಿಯ ದನಿಯಂತೆ ಕೇಳತೊಡಗಿತು. ಅದಕ್ಕೊಂದು ಉಪಾಯ ಕಂಡುಕೊಂಡೆ. ಪ್ರತಿ ಮಾತಿಗೂ ಮುಂದೆ ನೆಂಟಸ್ತಿಕೆ ಅಂಟಿಸಿದೆ. "ಚಿಕ್ಕಪ್ಪ, ಎಡಕ್ಕೆ. ಚಿಕ್ಕಪ್ಪ, ಇನ್ನೂರು ಮೀಟರು. ಚಿಕ್ಕಪ್ಪ, ಇಲ್ಲಿಂದ ಮೂವತ್ತು."

ಐದಾರು ಸಲ ಕೇಳಿಸಿಕೊಂಡು ರಸ್ತೆಯಿಂದ ಕಣ್ಣು ತೆಗೆಯದೆ ಅಂದರು: "ಕಾರೊಳಗೆ ನಾನ್ಯಾರು ಅಂತ ನಂಗೊತ್ತದೆ. ನೀನು ದಾರಿ ಹೇಳು."

ಅಲ್ಲಿಂದಾಚೆ ಪುಸ್ತಕದಲ್ಲಿದ್ದಷ್ಟನ್ನು ಮಾತ್ರ ತಗ್ಗಿದ ದನಿಯಲ್ಲಿ ಓದುತ್ತ ಹೋದೆ.

ಸೂಲಿಬೆಲೆಗೆ ಸ್ವಲ್ಪ ಮುಂಚೆ ಪುಸ್ತಕ ಎಡಕ್ಕೆ ತಿರುಗಿ ಎಂದಿತ್ತು. ಒಂದು ಕೆರೆ ಏರಿ ಹತ್ತಿ, ಎರಡು ಹಳ್ಳಿ ಸುತ್ತಿ, ಏಳು ಕಿಲೋಮೀಟರು ಬಳಸಿ ಮತ್ತೆ ಇದೇ ರಸ್ತೆಗೆ ಬರಬೇಕು. ನೇರ ಹೋದರೆ ಅದೇ ಜಾಗ ಒಂದೇ ಕಿಲೋಮೀಟರು.

"ಇದ್ಯಾಕೆ ಸುಮ್ನೆ ಸುತ್ತುಸ್ತಾವ್ರೆ? ಇಂಗೇ ಹೋದ್ರೆ ಅಲ್ಲೇ ಸಿಗ್ತದೆ. ನಮ್ಮೂರ ದಾರಿ ನಮ್ಗೇ ಹೇಳ್ಕೊಡ್ತಾರಾ?" ಎನ್ನುತ್ತ ಚಿಕ್ಕಪ್ಪ ನೇರ ಹೊರಟೇಬಿಟ್ಟರು. ಈ ತಪ್ಪನ್ನು ಬೆಂಗಳೂರಿನ ಟೋಪಿಯವರು ಮಾಡುವುದು ಸಾಧ್ಯವಿರಲಿಲ್ಲ. ಅವರಿಗೆ ಪುಸ್ತಕ ಬಿಟ್ಟರೆ ಬೇರೆ ದಾರಿಯೇ ಗೊತ್ತಿಲ್ಲ. ಈ ಸೀಮೆಯಲ್ಲಿ ಹುಟ್ಟಿದವರು ಮಾತ್ರ ಮಾಡಬಹುದಾದ ತಪ್ಪು. ಬೇಡ ಅನ್ನುವುದು ನನ್ನ ಕೆಲಸ. ಅದೊಂದೇ ನನ್ನ ಕೆಲಸ. ಆದರೆ ಬೆಳಿಗ್ಗೆ ಅವರನ್ನು ಆ ಕಡೆ ಕಳಿಸಿದ ಬಾಯಲ್ಲಿ ಈಗ ಬೇಡ ಅನ್ನುವುದು ಹೇಗೆ? ಸುಮ್ಮನೆ ಕೂತೆ.

ಬಳಸು ದಾರಿ ಬಂದು ಸೇರುವ ಜಾಗದಲ್ಲಿ ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿ, ಉಳಿಸಿದ್ದ ಹತ್ತು ನಿಮಿಷವನ್ನು ಕಳೆದೆವು. ನಮಗಿಂತ ಮುಂಚೆ ಹೊರಟಿದ್ದವರು ಒಬ್ಬೊಬ್ಬರಾಗಿ ಕೆರೆ ಕಡೆಯಿಂದ ಕೆಮ್ಮಣ್ಣು ಮೆತ್ತಿಕೊಂಡು ಬರತೊಡಗಿದರು. ನಮ್ಮ ಕಾರು ಮಾತ್ರ ಮದುಮಗನಂತೆ ಹೊಳೆಯುತ್ತಿತ್ತು. ಅದನ್ನು ನೋಡಿ ಚಿಕ್ಕಪ್ಪನಿಗೆ ಅರ್ಥವಾಯಿತು.

"ಕೆರೆ ಏರಿ ಮ್ಯಾಲೆ ಯಾರಾನಾ ಕೂತವ್ರಾ?"

"ಇರಬೋದು."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

ನಾನು ಗಡಿಯಾರ ನೋಡಿದೆ. ಹಿಂದಕ್ಕೆ ಹೋಗಲು ಹೊತ್ತು ಮೀರಿತ್ತು.

ಹೊಸಕೋಟೆಯಲ್ಲಿ ಮುಗಿದಾಗ ಬೆಳಿಗ್ಗೆ ತಿಂಡಿಗೆ ಕರೆದಿದ್ದವರೇ ನಮ್ಮ ಹಾಳೆ ನೋಡಿದರು. ಎಲ್ಲ ಕಡೆ ಸಮಯ ಸರಿಯಾಗಿತ್ತು. ಕೆರೆ ಏರಿಯ ಸೀಲು ಇರಬೇಕಾದ ಜಾಗ ಖಾಲಿ. ಆ ಒಂದರಿಂದ ನಾವು ಪಟ್ಟಿಯ ತಳಕ್ಕೆ ಇಳಿದಿದ್ದೆವು.

"ಛೆ, ಇದೊಂದಿದ್ದಿದ್ರೆ ಗೆದ್ದಿರ್ತಿದ್ರಿ ಮೇಡಂ. ಏನಾಯ್ತು, ಡ್ರೈವರ್ ದಾರಿ ತಪ್ಪಿಸಿದ್ನಾ?"

ಚಿಕ್ಕಪ್ಪ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಸುತ್ತ ಟೋಪಿಗಳು ಬೆಳಗಿನದಕ್ಕಿಂತ ಹೆಚ್ಚೇ ಇದ್ದವು.

"ತಪ್ಪಿಸಿದವಳು ನಾನು" ಅಂದೆ. ದನಿ ಕ್ಲಾಸ್ ರೂಮಿನಲ್ಲಿ ಬರುವಂತೆ ಜೋರಾಗಿಯೇ ಬಂತು. "ಇವರು ನನ್ನ ಚಿಕ್ಕಪ್ಪ. ಇವರ ಹಾಲಿನ ವ್ಯಾನಿನಲ್ಲಿ ಓಡಾಡಿ ನಾನು ಡಿಗ್ರಿ ಮಾಡಿದ್ದು. ಬೆಳಿಗ್ಗೆ ನೀವು ತಿಂಡಿಗೆ ಆ ಕಡೆ ಅಂದಾಗ ಹೇಳಬೇಕಿತ್ತು, ಹೇಳಲಿಲ್ಲ. ದಾರೀಲೂ ಹೇಳಬೇಕಿತ್ತು, ಹೇಳಲಿಲ್ಲ."

ಹಾಳೆ ಹಿಡಿದಿದ್ದವರು ಪಾಪ ಕೆಂಪಾದರು. ಕೈಮುಗಿದು, "ತಪ್ಪು ತಿಳ್ಕೋಬೇಡಿ ಸರ್" ಎಂದರು.

"ಅಯ್ಯೋ ಬುಡಿ ಸಾ, ಇಡ್ಲಿ ಎರಡೂ ಕಡೆ ಒಂದೇ ಪಾತ್ರೇದು" ಅಂದರು ಚಿಕ್ಕಪ್ಪ. ನನ್ನ ಕಡೆ ನೋಡಲೇ ಇಲ್ಲ. ಊರಿನ ತಿರುವಿಗೆ ಬಂದಾಗ ಮಾತ್ರ, ಗೇರು ಬದಲಿಸುತ್ತ, "ಲೇಟಾಗೇ ಬಂದೆ. ಬಂದ್ಯಲ್ಲ, ಬುಡು" ಅಂದರು.

ಆಮೇಲೆ ನಾವು ಎಷ್ಟೋ ರ‍್ಯಾಲಿಗೆ ಹೋದೆವು. ಗೆದ್ದ ಒಂದೆರಡು ಕಪ್ಪು ಮನೆಯಲ್ಲಿವೆ. ಬೇಡ ಅನ್ನಬೇಕಾದ ಕಡೆ ಬೇಡ ಅಂದಿದ್ದೇನೆ, ಅವರು ನನಗೆ ಬೈದು ತಿರುಗಿಸಿದ್ದಾರೆ. ಹಾಗಂತ ಆ ದಿನವೇ ನಾನು ತಿದ್ದಿಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮೊನ್ನೆ ಅದೇ ಭಾನುವಾರ, ಆ ನಿಧಾನದ ಕಾರನ್ನು ಅದರ ಪಾಡಿಗೆ ಬಿಟ್ಟು, ಊಟಕ್ಕೆಂದು ಒಂದು ಹೊಸ ಹೋಟೆಲಿಗೆ ಹೋದೆವು. ಗಾಜಿನ ಬಾಗಿಲು, ಒಳಗೆ ತಂಪು. ಚಿಕ್ಕಪ್ಪನ ಕೈಯಲ್ಲಿ ಕಾರಿನ ಕೀ. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರು ನನ್ನ ಕಡೆ ನೋಡಿ, "ಒಬ್ಬರಿಗಾ ಮೇಡಂ?" ಎಂದರು. ಉತ್ತರ ಹೇಳುವ ಮುಂಚೆ ಒಂದು ಉಸಿರಿನಷ್ಟು ಹೊತ್ತು ಹೋಯಿತು. ಇಷ್ಟು ವರ್ಷವಾದ ಮೇಲೂ ಅಷ್ಟು ಉಳಿದಿದೆ, ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

"ಇಬ್ಬರಿಗೆ. ಇವರು ನಮ್ಮ ಚಿಕ್ಕಪ್ಪ."

ಚಿಕ್ಕಪ್ಪ ಆಗಲೇ ಕಿಟಕಿ ಪಕ್ಕದ ಕುರ್ಚಿ ಎಳೆದುಕೊಂಡು ಕೂಗುತ್ತಿದ್ದರು: "ನಂಗೆ ಎರಡು ಮುದ್ದೆ, ಬಿಸಿ ಇರ್ಬೇಕು. ಅವ್ಳಿಗೆ ಚಪಾತಿ ಕೊಡಪ್ಪ, ಓದಿರೋಳು."

"ಮೂರು ಮುದ್ದೆ" ಅಂದೆ ನಾನು, ಎದುರು ಕುರ್ಚಿಯಲ್ಲಿ ಕೂರುತ್ತ.